20 ವ್ಯಾಟ್, ಅದೂ ಅಸಲಿ

ಇದು ನ್ಯಾಡ್ 3020, ಸ್ಪೀಕರ್ ಹಾಡಿಸುವ ಹಳೇ ಸ್ಟೀರಿಯೋ ಆಂಪ್ಲಿಫೈಯರ್. ಮೊದಲು ಹಿಂಭಾಗ ನೋಡಿ. ಯು ಆಕಾರದ ಪುಟ್ಟ ಲೋಹದ ತುಂಡುಗಳು ಕಾಣುತ್ತಿವೆಯಲ್ಲ? ಹಳೇ ಸೆಟ್ ಕೊಳ್ಳುವವರು ಮೊದಲು ಹುಡುಕಬೇಕಾದ್ದು ಇವನ್ನೇ. ಸಿಗ್ನಲ್ ಸಿದ್ಧಮಾಡುವ ಪ್ರೀ-ಆಂಪ್ ಭಾಗವನ್ನೂ ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಆಂಪ್ ಭಾಗವನ್ನೂ ಜೋಡಿಸೋದು ಇವೇ. ಇವು ಕಳೆದುಹೋಗಿದ್ದರೆ ಲೈಟ್ ಉರಿಯುತ್ತದೆ, ಸೌಂಡ್ ಮಾತ್ರ ಬರೋದಿಲ್ಲ. ಸೆಟ್ಟೇ ಹೋಯ್ತು ಅಂತ ಮೂಲೆಗೆ ಹಾಕಿಬಿಡುವವರೂ ಇದ್ದಾರೆ. ಆ ಜಾಗದಲ್ಲಿ ಒಂದು ಜೊತೆ ಗಿಡ್ಡ ಆಡಿಯೋ ಕೇಬಲ್, ಅಂದರೆ ಆರ್‌ಸಿಎ ಕೇಬಲ್ ಸಿಕ್ಕಿಸಿದರೆ ಸಾಕು, ಮತ್ತೆ ಹಾಡುತ್ತದೆ.

ಈ ಸೆಟ್ ಬಂದದ್ದು 1978ರಲ್ಲಿ. ಕಂಪನಿ ಆಗ ಲಂಡನ್ನಿನದು, ವಿನ್ಯಾಸ ನಾರ್ವೆಯ ಎರಿಕ್ ಎಡ್ವರ್ಡ್‌ಸೆನ್ ಅವರದು, ತಯಾರಾದದ್ದು ತೈವಾನಿನಲ್ಲಿ. ನೋಡೋಕೆ ಏನೂ ಇಲ್ಲ ಬಿಡಿ. ಅದೇ ಕಾಲದ ಮರಾಂಟ್ಜ್ ಕಂಪನಿಯ, ರೇಡಿಯೋ ಕೂಡ ಇರುವ ರಿಸೀವರ್‌ಗಳಲ್ಲಿ ನೀಲಿ ಬೆಳಕಿನ ಡಯಲ್ ಇತ್ತು. ಪಯೋನಿಯರ್ ಎಸ್‌ಎಕ್ಸ್-1250 ಬೆಳ್ಳಿ ಮುಖ ಹೊತ್ತುಕೊಂಡು ಎಡ-ಬಲದ ಒಂದೊಂದು ಚಾನೆಲ್‌ಗೆ 160 ವ್ಯಾಟ್ ಕೊಡುತ್ತಿತ್ತು. ಇದೋ, ಪ್ಲಾಸ್ಟಿಕ್ ಬಟನ್ನಿನ ಮಾಸಲು ಬಣ್ಣದ ಡಬ್ಬಿ. ಚಾನೆಲ್‌ಗೆ ಬರೀ 20 ವ್ಯಾಟ್.

ನಮ್ಮಲ್ಲಿ ಪಿಎಂಪಿಒ ಅಂತ, ವ್ಯಾಟನ್ನು ಊದಿಸಿ ಹೇಳುವ ಲೆಕ್ಕದ ಒಂದು ಕಾಲ ಇತ್ತು, ನೆನಪಿದೆಯಾ? ಅಂಗೈಯಗಲದ ಸ್ಪೀಕರ್ ಮೇಲೆ ಸಾವಿರ ವ್ಯಾಟ್ ಅಂತ ಸುಮ್ನೆ ಅಚ್ಚು ಹಾಕಿರೋರು! ಅದನ್ನು ನೋಡಿ ಬೆಳೆದವರಿಗೆ 20 ಅಂದರೆ ನಗು ಬರುತ್ತದೆ. ಆದರೆ ವ್ಯಾಟ್ ಎರಡರಷ್ಟಾದರೆ ಸೌಂಡ್ ಏರೋದು 3 ಡೆಸಿಬೆಲ್ ಅಷ್ಟೇ. ಕಿವಿಗೆ 'ಸ್ವಲ್ಪ ಜಾಸ್ತಿ ಆಯ್ತು' ಅನ್ನಿಸುತ್ತದೆ, ಅಷ್ಟೇ. ಮನೆಯಲ್ಲಿ ಮಾತಾಡಿಕೊಂಡು ಹಾಡು ಕೇಳೋಕೆ ಎಷ್ಟೋ ಸಲ ಒಂದು ವ್ಯಾಟ್ ಕೂಡ ಬೇಕಾಗೋದಿಲ್ಲ. ಮಿಕ್ಕಿದ್ದು ಬೇಕಾಗೋದು ಕಚೇರಿಯ ತನಿ ಆವರ್ತನದಲ್ಲಿ ಮೃದಂಗದ ಒಂದು ಜೋರು ಪೆಟ್ಟು ಬಿದ್ದಾಗ. ಆ ಒಂದು ಕ್ಷಣಕ್ಕೆ 3020 ತನ್ನ ಮೇಲೆ ಬರೆದದ್ದರ ಸುಮಾರು ಎರಡರಷ್ಟು ಕೊಡುತ್ತದೆ. ಹೆಚ್ಚು ಕರೆಂಟ್ ಎಳೆಯುವ 4 ಓಮ್ ಸ್ಪೀಕರ್ ಜೋಡಿಸಿದರೂ ಸುಸ್ತಾಗೋದಿಲ್ಲ. ನನ್ನ ಪ್ರಕಾರ ಜನ ಇವತ್ತಿಗೂ ಇದನ್ನು ಹುಡುಕಿಕೊಂಡು ಹೋಗೋದು ಇದಕ್ಕೇ. ಹಳೇದು ಅನ್ನೋ ಮೋಹ ಆಮೇಲಿನ ಮಾತು.

ಹಿಂಭಾಗದಲ್ಲಿ ಒಂದು ಸ್ವಿಚ್ ಕೂಡ ಇದೆ, ಸಾಫ್ಟ್ ಕ್ಲಿಪಿಂಗ್. ಯಾವ ಆಂಪ್ಲಿಫೈಯರನ್ನೇ ಆಗಲಿ, ಅದರ ಶಕ್ತಿ ಮೀರಿ ವಾಲ್ಯೂಮ್ ಏರಿಸಿದರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆಯಾಗುತ್ತದೆ. ಸೌಂಡ್ ಒರಟಾಗುತ್ತದೆ, ಸ್ಪೀಕರ್ ಒಳಗಿನ ಟ್ವೀಟರ್ (ಕೀಚು ಸ್ವರ ಹೊರಡಿಸುವ ಪುಟ್ಟ ಭಾಗ) ಸುಟ್ಟುಹೋಗುವ ಭಯವೂ ಇದೆ. ಈ ಸ್ವಿಚ್ ಹಾಕಿದರೆ ಆ ಚೂಪು ಅಂಚು ಸ್ವಲ್ಪ ದುಂಡಗಾಗುತ್ತದೆ. ಪಾರ್ಟಿ ಇದ್ದ ದಿನ ಮರೆಯದೆ ಹಾಕಿ.

ಮೇಲಿನ ಮುಚ್ಚಳ ತೆಗೆಯೋಕೆ ಸ್ಕ್ರೂ ಬಿಚ್ಚಿದರೆ ಮುಗಿಯಿತು. ತೆಗೆಯೋ ಮುಂಚೆ ಪ್ಲಗ್ ಕೀಳಿ. ಕಿತ್ತರೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಹುಷಾರು. ಒಳಗೆ ಔಟ್‌ಪುಟ್‌ನಲ್ಲಿ ಕೂತಿರೋದು ಎಲೆಕ್ಟ್ರಾನಿಕ್ಸ್ ಕಲಿತವರಿಗೆಲ್ಲ ಗೊತ್ತಿರುವ 2ಎನ್3055, ಜೊತೆಗೆ ಎಂಜೆ2955 ಟ್ರಾನ್ಸಿಸ್ಟರ್‌ಗಳು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೇಳಿದರೆ ಸಿಗುತ್ತವೆ. ನಕಲಿ ಮಾಲೂ ಇರುತ್ತದೆ, ನಂಬಿಕೆಯ ಅಂಗಡಿಗೇ ಹೋಗಿ. ಇಷ್ಟು ವಯಸ್ಸಾದ ಯಾವ ಸೆಟ್‌ನಲ್ಲೇ ಆಗಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗಿರಬಹುದು. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ, ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಅಮೆರಿಕದಿಂದ ಯಾರಾದರೂ ತಂದುಕೊಟ್ಟರೆ ಸೆಟ್ಟಿನ ಹಿಂಭಾಗದಲ್ಲಿ ಬರೆದ ವೋಲ್ಟೇಜ್ ಓದದೆ ಪ್ಲಗ್ ಹಾಕಬೇಡಿ. ಅಲ್ಲಿಯದು 120, ನಮ್ಮದು 230. ಅದನ್ನು ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೊದಲು ತನ್ನಿ, ಹಾಡು ಆಮೇಲೆ.