ಬನ್ನಿ ಬನ್ನಿ ಎನ್ನುವ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನ ಒಂದು ಡಬಲ್ ರೋಡಿನಲ್ಲಿ ನನ್ನ ಕಣ್ಣೆದುರೇ ನಡೆದದ್ದು ಇದು. ಶಾಲೆ ಬಿಡುವ ಹೊತ್ತು. ಡಿವೈಡರ್ ಸಂದಿಯಲ್ಲಿ ಒಬ್ಬ ಹೆಣ್ಣುಮಗಳು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಿಂದೆ ಪುಟ್ಟ ಮಗು, ಬೆನ್ನಿಗೆ ಸ್ಕೂಲ್ ಬ್ಯಾಗು. ಆಚೆ ಬದಿಯ ಅಡ್ಡರಸ್ತೆಗೆ ಅವರು ಹೋಗಬೇಕು. ಎದುರಿನಿಂದ ಡಿವೈಡರ್ ಪಕ್ಕದಲ್ಲೇ ಒಂದು ಬಸ್ ಬಂತು. ಡ್ರೈವರ್ ಬ್ರೇಕ್ ಹಾಕಿ, ಕಿಟಕಿಯಿಂದ ಕೈ ಹೊರಗೆ ಚಾಚಿ, "ಬನ್ನಿ ಬನ್ನಿ" ಎಂದರು.

ಆಕೆ ಹೊರಟರು. ಬಸ್ಸಿನ ಮೂತಿ ದಾಟಿದ್ದೇ ತಡ, ಬಸ್ಸಿನ ಎಡಗಡೆಯಿಂದ ಬೈಕೊಂದು ಬಂತು. ಕೀರ್ ಎಂದು ಬ್ರೇಕ್. ಬೈಕಿನ ಮುಂದಿನ ಚಕ್ರ ನಿಂತದ್ದು ಮಗುವಿನ ಶೂಗೆ ಒಂದು ಗೇಣು ದೂರದಲ್ಲಿ.

ಆ ಡ್ರೈವರ್ ಮನಸ್ಸು ಒಳ್ಳೆಯದೇ. ಆದರೆ ಬಸ್ಸೇ ಅಲ್ಲಿ ಗೋಡೆಯಾಗಿ ನಿಂತಿತ್ತು. ಆಕೆಗೆ ಬೈಕ್ ಕಾಣಲಿಲ್ಲ, ಬೈಕಿನವನಿಗೆ ಆಕೆ ಕಾಣಲಿಲ್ಲ. ಗಂಟೆಗೆ 40 ಕಿಲೋಮೀಟರ್ ಓಡುವ ಬೈಕು ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಕಣ್ಣಿಗೆ ಬಿದ್ದದ್ದು ತಲೆಗೆ ಹೋಗಿ, ಕಾಲು ಬ್ರೇಕ್ ಒತ್ತುವಷ್ಟರಲ್ಲೇ ಒಂದು ಸೆಕೆಂಡ್ ಕಳೆದಿರುತ್ತದೆ.

ನಾನು ಹೇಳಬೇಕಾದದ್ದು ಇಷ್ಟೇ. ಕೈ ಬೀಸಿದವರ ಮಾತು, "ನಾನು ನಿಂತಿದ್ದೇನೆ" ಅಂತ. ನಮಗೆ ಕೇಳಿಸುವುದು, "ರಸ್ತೆ ಖಾಲಿ ಇದೆ" ಅಂತ. ಎರಡೂ ಒಂದೇ ಅಲ್ಲ, ಅಲ್ವಾ? ಒಬ್ಬರು ತಮ್ಮ ಗಾಡಿಯನ್ನು ನಿಲ್ಲಿಸಬಹುದು. ಪಕ್ಕದವರ ಗಾಡಿಗೆ ಬ್ರೇಕ್ ಹಾಕಲು ಯಾರಿಂದಲೂ ಆಗದು.

ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲೂ ಇದನ್ನು ನೋಡಿರುತ್ತೀರಿ. ಮುಂದಿನ ಲಾರಿಯವರು ಕೈ ಆಡಿಸಿ, ಹೋಗಿ ಎನ್ನುತ್ತಾರೆ. ಇದು ಸುಮ್ನೆ ಹುಟ್ಟಿದ ರೂಢಿಯಲ್ಲ. ಹಿಂದಿನವರಿಗೆ ಓವರ್‌ಟೇಕ್ ಮಾಡಲು ಬಲಗೈ ಆಡಿಸಿ ಹೇಳುವ ಸನ್ನೆ 1989ರ ರಸ್ತೆ ನಿಯಮಗಳಲ್ಲೇ ಇತ್ತು. ಆದರೆ ಆ ಕೈ ತಿರುವಿನ ಆಚೆಗೆ ಏನಿದೆ ಎಂದು ಹೊಣೆ ಹೊರುವುದಿಲ್ಲ. ಈಗಂತೂ ಕೈ ಬದಲು ಬಲಗಡೆಯ ಇಂಡಿಕೇಟರ್ ಹಾಕುವುದೇ ಜಾಸ್ತಿ. ಲಾರಿ ಬಲಕ್ಕೆ ತಿರುಗುವಾಗಲೂ ಅದೇ ದೀಪ. ಹೋಗಿ ಎಂದರೋ, ನಾನು ತಿರುಗುತ್ತೇನೆ ಎಂದರೋ, ಹಿಂದಿನವರಿಗೆ ತಿಳಿಯುವುದು ಹೇಗೆ? ಈ ಅಭ್ಯಾಸವನ್ನು ದಯವಿಟ್ಟು ಬಿಟ್ಟುಬಿಡಿ.

ಕಾನೂನು ಪ್ರಕಾರ ನಾವು ಪಾಲಿಸಬೇಕಾದ್ದು ಸಿಗ್ನಲ್, ಫಲಕ, ಮತ್ತು ಸಂಚಾರ ನಿಯಂತ್ರಿಸುತ್ತಿರುವ ಪೊಲೀಸರ ಸನ್ನೆ. ದಾರಿಹೋಕ ಡ್ರೈವರ್ ಬೀಸುವ ಕೈ ಆ ಸಾಲಿಗೆ ಸೇರುವುದಿಲ್ಲ.

ಹಾಗಂತ ದಾರಿ ಬಿಡಬೇಡಿ ಎನ್ನುತ್ತಿಲ್ಲ. ಖಂಡಿತ ಬಿಡಿ. ಅದರಲ್ಲೂ ರಸ್ತೆ ದಾಟುವ ಅಜ್ಜ ಅಜ್ಜಿಯರಿಗೆ, ಮಕ್ಕಳಿಗೆ. ನಿಧಾನಿಸಿ, ಪೂರ್ತಿ ನಿಲ್ಲಿಸಿ, ಸುಮ್ಮನಿರಿ. ಯಾವಾಗ ಹೊರಡಬೇಕೆಂದು ಅವರೇ ನೋಡಿಕೊಳ್ಳಲಿ. ನಿಂತಾಗ ನಿಮ್ಮ ಎಡಗಡೆಯ ಕನ್ನಡಿಯನ್ನೊಮ್ಮೆ ನೋಡಿ. ಯಾರಾದರೂ ನುಗ್ಗಿ ಬರುತ್ತಿದ್ದರೆ ದಾಟುವವರಿಗೆ ಅಂಗೈ ತೋರಿಸಿ, ತಡೆಯಿರಿ ಎನ್ನಿ. ಆ ಒಂದು ಸನ್ನೆ ಮಾತ್ರ ಇರಲಿ.

ಇನ್ನು ನೀವೇ ಕಾಯುತ್ತಿರುವಾಗ ಯಾರೋ ಕೈ ಬೀಸಿದರು ಅನ್ನಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಮುಂದಿನವರು ಕಾಯುತ್ತಿದ್ದಾರೆ, ಅವಸರವಾಗುತ್ತದೆ, ಗೊತ್ತು. ತಲೆಯಾಡಿಸಿ, ಮೆಲ್ಲಗೆ ಆ ನಿಂತ ಗಾಡಿಯ ಮೂತಿಯ ಆಚೆ ತುದಿಯವರೆಗೆ ಬನ್ನಿ. ಅಲ್ಲಿ ಮತ್ತೆ ಕಾಲು ಊರಿ ನಿಲ್ಲಿ. ಕತ್ತು ಚಾಚಿ ಆಚೆ ಸಾಲನ್ನು ನೋಡಿ. ನಿಮ್ಮ ಕಣ್ಣಿಗೇ ಖಾಲಿ ಕಂಡಮೇಲೆ ಹೊರಡಿ.

ನಮಸ್ಕಾರ.