ರಿಪೋರ್ಟ್ ಸರಿ ಇದೆ, ಸುಸ್ತು ಮಾತ್ರ ಹೋಗಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ರಕ್ತ ಪರೀಕ್ಷೆಯಲ್ಲಿ ಏನೂ ತೊಂದರೆ ಇಲ್ಲ ಅಂದರೆ ಯಾರಿಗಾದರೂ ಖುಷಿಯಾಗಬೇಕು. ಸಕ್ಕರೆ ಕಾಯಿಲೆ ಇಲ್ಲ ಅಂತ ಗೊತ್ತಾದ ತಕ್ಷಣ ಎದುರಿನ ಬೇಕರಿಗೆ ಹೋಗಿ ಜಹಾಂಗೀರು ತಿಂದವರಿದ್ದಾರೆ. ಥೈರಾಯ್ಡ್ ವಿಷಯದಲ್ಲಿ ಮಾತ್ರ ಇದು ಉಲ್ಟಾ. ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಬಹಳ ವರ್ಷ ರಕ್ತ ತೆಗೆದವಳು, ರಿಪೋರ್ಟ್ ಕೈಗೆ ಕೊಟ್ಟವಳು. 'ಎಲ್ಲ ನಾರ್ಮಲ್' ಅಂದಾಗ ಮುಖ ಬಾಡಿದ್ದನ್ನು ನಾನು ಅತಿ ಹೆಚ್ಚು ನೋಡಿದ್ದು ಥೈರಾಯ್ಡ್ ಪರೀಕ್ಷೆಗೆ ಬಂದವರಲ್ಲೇ.

ಒಬ್ಬ ಹೆಣ್ಣುಮಗಳು ರಿಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸ್ವಲ್ಪನಾದ್ರೂ ಜಾಸ್ತಿ ಇರಬೇಕಲ್ವಾ ಮೇಡಂ?" ಅಂದಳು. ಯಾಕಮ್ಮ ಅಂದೆ. "ಏನೂ ಇಲ್ಲ ಅಂತ ಈ ಕಾಗದ ತಗೊಂಡು ಮನೆಗೆ ಹೋದ್ರೆ, ಅತ್ತೆ ಸೋಮಾರಿತನ ಅಂತಾರೆ. ಇವ್ರು ಬೆಳಿಗ್ಗೆ ವಾಕಿಂಗ್ ಹೋಗು ಅಂತಾರೆ." ಬಾಚಿದರೆ ಹಣಿಗೆ ತುಂಬಾ ಕೂದಲು, ಮೈ ಭಾರ, ಮಧ್ಯಾಹ್ನ ಆಗುವಷ್ಟರಲ್ಲಿ ಕೈಕಾಲು ಸೋಲು. ಇಷ್ಟನ್ನೂ ಒಪ್ಪಿಕೊಳ್ಳುವುದಕ್ಕೆ ಮನೆಯವರಿಗೆ ಒಂದು ಕಾಯಿಲೆಯ ಹೆಸರು ಬೇಕಿತ್ತು.

ಅವಳ ಸುಸ್ತು ಸುಳ್ಳಲ್ಲ. ನಮ್ಮ ಪರೀಕ್ಷೆಯೂ ಸುಳ್ಳಲ್ಲ. ಎರಡೂ ನಿಜ ಆಗುವುದು ಹೇಗೆ ಅಂತ ಇವತ್ತು ಹೇಳುತ್ತೇನೆ.

ಥೈರಾಯ್ಡ್ ಕತ್ತಿನ ಮುಂಭಾಗದಲ್ಲಿರುವ ಪುಟ್ಟ ಗ್ರಂಥಿ, ತೂಕ ಹೆಚ್ಚೆಂದರೆ 20 ಗ್ರಾಂ ಆಸುಪಾಸು. ಅದು ಟಿ4 ಮತ್ತು ಟಿ3 ಅನ್ನುವ ಹಾರ್ಮೋನುಗಳನ್ನು ಮಾಡುತ್ತದೆ. ಆದರೆ ಎಲ್ಲರ ಬಾಯಲ್ಲಿರುವ ಟಿಎಸ್‌ಎಚ್ ಥೈರಾಯ್ಡಿನದ್ದಲ್ಲ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯದ್ದು. ಶಾಲೆಗೆ ಹೊತ್ತಾದರೂ ಏಳದ ಮಗನನ್ನು ಅಮ್ಮ ಕೂಗುತ್ತಾಳಲ್ಲ, ಅದೇ ಟಿಎಸ್‌ಎಚ್. ಮಗ ಎದ್ದರೆ ದನಿ ಮೆತ್ತಗಾಗುತ್ತದೆ, ಹೊರಳಿ ಮಲಗಿದರೆ ಏರುತ್ತದೆ. ನಾವು ಮೊದಲು ಅಳೆಯುವುದು ಅಮ್ಮನ ದನಿಯನ್ನು. ಟಿ4 ಒಂಚೂರು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುವುದರಿಂದ, ಸಾಮಾನ್ಯವಾಗಿ ಇದು ಒಳ್ಳೆಯ ಅಳತೆಯೇ.

ರಿಪೋರ್ಟಿನ ಬಲಗಡೆ ಟಿಎಸ್‌ಎಚ್ ಇಷ್ಟಿದ್ದರೆ ಸರಿ ಅಂತ 0.4ರಿಂದ 4 ಚಿಲ್ಲರೆಯ ಒಂದು ಅಳತೆ ಅಚ್ಚಾಗಿರುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ಹೆಚ್ಚುಕಮ್ಮಿ. ಆರೋಗ್ಯವಾಗಿರುವ ತುಂಬಾ ಜನರ ರಕ್ತ ನೋಡಿ, ಎರಡೂ ತುದಿಯ ನೂರಕ್ಕೆ ಎರಡೂವರೆ ಜನರನ್ನು ಬಿಟ್ಟು, ನಡುವಿನವರನ್ನು ಇಟ್ಟುಕೊಂಡು ಮಾಡಿದ್ದು ಅದು. ಊರಿನವರೆಲ್ಲ ಸೇರಿದ ಅಳತೆ, ನಿಮ್ಮೊಬ್ಬರದ್ದಲ್ಲ. ಡೆನ್ಮಾರ್ಕಿನಲ್ಲಿ 16 ಜನ ಆರೋಗ್ಯವಂತ ಗಂಡಸರ ರಕ್ತವನ್ನು ಒಂದು ವರ್ಷ, ತಿಂಗಳಿಗೊಮ್ಮೆ ಪರೀಕ್ಷಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಬ್ಬೊಬ್ಬರ ಏರಿಳಿತವೂ ಲ್ಯಾಬಿನ ಅಳತೆಯ ಸುಮಾರು ಅರ್ಧದಷ್ಟೇ ಇತ್ತು. ಅಂದರೆ ಯಾವಾಗಲೂ 1 ಇರುತ್ತಿದ್ದವರಿಗೆ 3.8 ಬಂದರೆ ನಮ್ಮ ಕಾಗದದಲ್ಲಿ ನಕ್ಷತ್ರ ಗುರುತು ಬೀಳುವುದಿಲ್ಲ, ಆದರೂ ಅವರ ದೇಹದಲ್ಲಿ ಏನೋ ಬದಲಾಗಿರಬಹುದು. ಹಳೆಯ ರಿಪೋರ್ಟುಗಳನ್ನು ಎಸೆಯಬೇಡಿ ಅನ್ನುವುದು ಇದಕ್ಕೇ.

ಹಾಗಂತ ಬೆಳಿಗ್ಗೆ ಏಳಕ್ಕೆ ಕೊಟ್ಟ ರಕ್ತವನ್ನೂ ಮಧ್ಯಾಹ್ನ ಮೂರಕ್ಕೆ ಕೊಟ್ಟ ರಕ್ತವನ್ನೂ ಪಕ್ಕಪಕ್ಕ ಇಟ್ಟು ಗಾಬರಿಯಾಗಬೇಡಿ. ಟಿಎಸ್‌ಎಚ್ ರಾತ್ರಿ ಮತ್ತು ನಸುಕಿನಲ್ಲಿ ಜಾಸ್ತಿ, ಮಧ್ಯಾಹ್ನ ಕಡಿಮೆ. ಅದೇ ಲ್ಯಾಬು, ಅದೇ ಹೊತ್ತು ಇದ್ದರೆ ಹೋಲಿಸಿ ನೋಡಬಹುದು.

ಇನ್ನೊಂದು ವಿಷಯ. ರಕ್ತ ತೆಗೆಯುವ ಮುಂಚೆ ನಾನು "ಕೂದಲಿಗೆ ಮಾತ್ರೆ ತಗೋತಿದ್ದೀರಾ?" ಅಂತ ಕೇಳುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು, ನಾನೇನೋ ಅವರ ಬೈತಲೆ ನೋಡಿ ಆಡಿಕೊಂಡೆ ಅಂತ! ಕೂದಲು, ಉಗುರಿಗೆ ಅಂತ ಮಾರುವ ಮಾತ್ರೆಗಳಲ್ಲಿ ಬಯೋಟಿನ್ ಇರುತ್ತದೆ. ಕೆಲವು ಯಂತ್ರಗಳಲ್ಲಿ ಇದು ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಕೂದಲು ಉದುರುವುದು ಥೈರಾಯ್ಡಿನಿಂದ ಅಂತಿಟ್ಟುಕೊಳ್ಳಿ, ಅದಕ್ಕೆ ನುಂಗಿದ ಮಾತ್ರೆಯೇ ಕಾಯಿಲೆಯನ್ನು ಮುಚ್ಚಿಬಿಟ್ಟಂತಾಯಿತು. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ಅದನ್ನು ನಿಲ್ಲಿಸಬೇಕು. ಡೋಸ್ ಜಾಸ್ತಿ ಇದ್ದರೆ ಇನ್ನೂ ಮುಂಚೆ, ವೈದ್ಯರನ್ನು ಕೇಳಿ.

ಈಗ ಅಮ್ಮನಿಗೇ, ಅಂದರೆ ಪಿಟ್ಯುಟರಿಗೇ, ಗಂಟಲು ಕಟ್ಟಿದರೆ? ಮನೆಯೇನೋ ಶಾಂತವಾಗಿರುತ್ತದೆ, ಮಗ ಎದ್ದಿರುವುದಿಲ್ಲ. ಇಂಥದ್ದೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಳ್ಳಿಯಿಂದ ಬರುತ್ತಿದ್ದ ಒಬ್ಬರು, ವರ್ಷಗಟ್ಟಲೆ ಸುಸ್ತು, ಚಳಿ ತಡೆಯುವುದಿಲ್ಲ, ಟಿಎಸ್‌ಎಚ್ ಪ್ರತಿ ಸಲ ಸರಿ. ಕೊನೆಗೆ ಒಬ್ಬ ವೈದ್ಯರು ಬೇರೆಯದೇ ಪ್ರಶ್ನೆ ಕೇಳಿದರು, "ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ?" ಹೋಗಿತ್ತು. ಬಾಟಲಿಗಟ್ಟಲೆ ರಕ್ತ ಕೊಟ್ಟಿದ್ದರು. ಎದೆಹಾಲು ಬರಲೇ ಇಲ್ಲ, ಆಮೇಲೆ ಮುಟ್ಟೂ ಆಗಲಿಲ್ಲ. ಮನೆಯವರು ಅದನ್ನು ಬಾಣಂತನ ಸರಿಯಾಗಿ ಆಗಲಿಲ್ಲ ಅಂತ ಬಿಟ್ಟಿದ್ದರು.

ಗರ್ಭಿಣಿಯಾದಾಗ ಪಿಟ್ಯುಟರಿ ದೊಡ್ಡದಾಗುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಅದಕ್ಕೆ ರಕ್ತ ಸಾಲದೆ ಒಂದು ಭಾಗ ಸತ್ತುಹೋಗಬಹುದು. ಇಂಗ್ಲೆಂಡಿನ ಶೀಹನ್ ಅನ್ನುವ ವೈದ್ಯರು 1937ರಲ್ಲಿ ಇದನ್ನು ವಿವರಿಸಿದ್ದರಿಂದ ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ಇಂಥವರಲ್ಲಿ ಟಿಎಸ್‌ಎಚ್ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ, ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟಿ4, ಅಂದರೆ ಫ್ರೀ ಟಿ4 ನೋಡಬೇಕು. ಪಿಟ್ಯುಟರಿಯ ಮಾತು ಕೇಳಿ ಅಡ್ರಿನಲ್ ಗ್ರಂಥಿ ಮಾಡುವ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನೂ ನೋಡಬೇಕು. ಅದು ಕಡಿಮೆ ಇದ್ದರೆ ಮೊದಲು ಸ್ಟೀರಾಯ್ಡ್ ಮಾತ್ರೆ, ಆಮೇಲೆ ಥೈರಾಯ್ಡ್ ಮಾತ್ರೆ. ಹಿಂದುಮುಂದಾದರೆ ಜೀವಕ್ಕೇ ಅಪಾಯ. ಇದು ಅಪರೂಪದ ಕಾಯಿಲೆ, ಒಪ್ಪುತ್ತೇನೆ. ಆದರೆ ಕೇಳಲು ಬೇಕಾಗಿದ್ದು ಒಂದೇ ಪ್ರಶ್ನೆ.

ಆಂಟಿ ಟಿಪಿಒ ಅನ್ನುವ ಪರೀಕ್ಷೆಯ ಬಗ್ಗೆಯೂ ಜನ ಕೇಳುತ್ತಾರೆ. ದೇಹದ ರಕ್ಷಣಾ ಪಡೆಯೇ ಆಂಟಿಬಾಡಿ ಅನ್ನುವ ಅಸ್ತ್ರ ಹಿಡಿದು ಥೈರಾಯ್ಡಿನ ಮೇಲೆ ತಿರುಗಿಬಿದ್ದಿದೆಯಾ ಅಂತ ಅದು ಹೇಳುತ್ತದೆ. ಇಂಗ್ಲೆಂಡಿನ ವಿಕಮ್‌ನಲ್ಲಿ ಇಪ್ಪತ್ತು ವರ್ಷ ಜನರನ್ನು ಗಮನಿಸಿದಾಗ, ಟಿಎಸ್‌ಎಚ್ ಸರಿ ಇದ್ದು ಆಂಟಿಬಾಡಿ ಮಾತ್ರ ಇದ್ದ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಇಬ್ಬರಿಗೆ ಥೈರಾಯ್ಡ್ ಕೆಲಸ ಕುಗ್ಗಿತು. ಹಾಗಾಗಿ ಆಂಟಿಬಾಡಿ ಇದ್ದವರು ವರ್ಷಕ್ಕೊಮ್ಮೆ ಟಿಎಸ್‌ಎಚ್ ನೋಡಿಸಿ. ಆಂಟಿಬಾಡಿ ಪರೀಕ್ಷೆಯನ್ನೇ ಮತ್ತೆ ಮತ್ತೆ ಮಾಡಿಸಿದರೆ ಲಾಭ ಲ್ಯಾಬಿನವರಿಗೆ ಮಾತ್ರ. ಲ್ಯಾಬಿನವಳಾಗಿಯೇ ಹೇಳುತ್ತಿದ್ದೇನೆ.

ಇಷ್ಟೆಲ್ಲ ನೋಡಿದ ಮೇಲೂ ಬಹಳ ಜನರಿಗೆ ಥೈರಾಯ್ಡ್ ಸರಿಯಾಗಿಯೇ ಇರುತ್ತದೆ. ಆಗ ಸುಸ್ತಿನ ಮೂಲ ಬೇರೆ ಕಡೆ ಹುಡುಕಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ಸರಿ ಇದ್ದರೂ ದೇಹದಲ್ಲಿ ಕಬ್ಬಿಣದ ಸಂಗ್ರಹ ಖಾಲಿಯಾಗಿರಬಹುದು. ಅದನ್ನು ತೋರಿಸುವುದು ಫೆರಿಟಿನ್ ಪರೀಕ್ಷೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಜಾಸ್ತಿ. ನಲವತ್ತು ದಾಟಿದವರಲ್ಲಿ ಮುಟ್ಟು ನಿಲ್ಲುವ ಕಾಲದ ಏರುಪೇರು. ಗೊರಕೆ ಹೊಡೆಯುವ ಕೆಲವರಿಗೆ ರಾತ್ರಿ ಉಸಿರು ಕಟ್ಟಿ ನಿದ್ದೆಯೇ ಆಗಿರುವುದಿಲ್ಲ. ಖಿನ್ನತೆಯೂ ಮೊದಲು ಮೈಭಾರವಾಗಿಯೇ ಬರಬಹುದು. ಆ ಮಾತೆತ್ತಿದರೆ ನಮ್ಮಲ್ಲಿ ಎಲ್ಲರೂ ಸುಮ್ನೆ ಆಗಿಬಿಡುತ್ತಾರೆ.

ಇನ್ನು ಅಕ್ಕನ ಬಾಟಲಿಯಿಂದ, ಪಕ್ಕದ ಮನೆಯವರ ಬಾಟಲಿಯಿಂದ 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ, ಅಂದರೆ ಥೈರಾಯ್ಡ್ ಮಾತ್ರೆ, ತೆಗೆದು ನುಂಗಿ ನೋಡುವವರಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಇದನ್ನೇ ಶಿಸ್ತಾಗಿ ಪರೀಕ್ಷಿಸಿ 2001ರಲ್ಲಿ ವರದಿ ಮಾಡಿದರು. ಲಕ್ಷಣ ಇದೆ, ರಿಪೋರ್ಟ್ ಸರಿ ಇದೆ ಅನ್ನುವವರಿಗೆ ಮೂರು ತಿಂಗಳು ಥೈರಾಕ್ಸಿನ್, ಮೂರು ತಿಂಗಳು ಔಷಧಿಯೇ ಇಲ್ಲದ ಮಾತ್ರೆ. ಯಾವುದು ಯಾವಾಗ ಅಂತ ಅವರಿಗೆ ಹೇಳಿರಲಿಲ್ಲ. ಥೈರಾಕ್ಸಿನ್‌ನಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಚಿಕ್ಕ ಅಧ್ಯಯನ, ಆದರೂ ನೆನಪಿಡುವಂಥದ್ದು. ಯಾಕಂದರೆ ಬೇಡದ ಥೈರಾಕ್ಸಿನ್ ಸುಮ್ಮನಿರುವುದಿಲ್ಲ. ಎದೆಬಡಿತದ ತಾಳ ತಪ್ಪಿಸಬಹುದು, ಮುಟ್ಟು ನಿಂತವರ ಮೂಳೆ ಸವೆಸಬಹುದು.

ವೈದ್ಯರ ಹತ್ತಿರ ಹೋಗುವಾಗ ಒಂದು ಹಾಳೆ ಬರೆದುಕೊಂಡು ಹೋಗಿ. ಸುಸ್ತು ಶುರುವಾಗಿದ್ದು ಯಾವಾಗ, ಮುಟ್ಟು ಹೇಗಿದೆ, ಹೆರಿಗೆಗಳು ಹೇಗಾದವು, ನಿದ್ದೆ ಎಷ್ಟು, ಮನೆಯಲ್ಲಿ ಯಾರಿಗೆ ಥೈರಾಯ್ಡ್ ಇದೆ, ಅಂಗಡಿಯಿಂದ ತಂದು ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು. ಆಯುರ್ವೇದದ್ದೂ ಬರೆಯಿರಿ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. "ನನಗೆ ಥೈರಾಯ್ಡ್ ಇದೆ" ಅಂತ ಶುರು ಮಾಡುವ ಬದಲು "ಮೊದಲು ಎರಡು ಕೊಡ ನೀರು ಹೊರುತ್ತಿದ್ದೆ, ಈಗ ಒಂದಕ್ಕೇ ಕೂರುತ್ತೇನೆ" ಅಂತ ಹೇಳಿ, ವೈದ್ಯರಿಗೆ ಅದರಿಂದ ಜಾಸ್ತಿ ಗೊತ್ತಾಗುತ್ತದೆ. ಆಗಲೂ "ಏನೂ ಇಲ್ಲ, ಹೋಗಿ" ಅಂದರೆ, ಫೆರಿಟಿನ್, ಬಿ12 ನೋಡಿದ್ದೀರಾ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ನಮಸ್ಕಾರ.