ದೇಶ ಬೇರೆ, ನೇಶನ್ ಬೇರೆ

ಮಂಗಳೂರು ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಒಲೆಯ ಮೇಲೆ ಕಾವಲಿ ಇಟ್ಟು ಕೇಳುತ್ತಿರುವವರಿಗೆ, ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾ ಕೇಳುತ್ತಿರುವವರಿಗೆ, ಎಲ್ಲರಿಗೂ.

ರವೀಂದ್ರನಾಥ ಠಾಗೋರರ ಒಂದೇ ಒಂದು ಮಾತನ್ನು ನಿಮಗೆ ಹೇಳಬೇಕೆಂದು ಬಂದಿದ್ದೇನೆ. ದೇಶ ಬೇರೆ, ನೇಶನ್ ಬೇರೆ. ಇಂಗ್ಲಿಷ್ ಪದ ಯಾಕೆ ಅನ್ನಬೇಡಿ. ರವೀಂದ್ರರೂ ಅದನ್ನು ಬಂಗಾಳಿ ಅಕ್ಷರದಲ್ಲಿ ಹಾಗೇ ಬರೆದರು. ಆ ಪದ ನಮ್ಮ ಭಾಷೆಯಲ್ಲಿಲ್ಲ, ಆ ವಸ್ತುವೂ ನಮ್ಮಲ್ಲಿರಲಿಲ್ಲ ಎಂದರು.

ದೇಶ ಅಂದರೆ ನಮ್ಮ ಊರು ಇದ್ದ ಹಾಗೆ. ಮುಂಬೈಯಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರೂ 'ಊರಿಗೆ ಹೋಗಿ ಬರ್ತೇನೆ' ಅಂತಲೇ ಹೇಳುವುದು. ಊರಿನ ಮೇಲೆ ಪ್ರೀತಿ ಇರಬೇಕಾದರೆ ಪಕ್ಕದ ಊರಿನ ಮೇಲೆ ಸಿಟ್ಟು ಬೇಕಾಗಿಲ್ಲ, ಅಲ್ವಾ? ನೇಶನ್ ಹಾಗಲ್ಲ. ರಾಜಕೀಯಕ್ಕೆ, ವ್ಯಾಪಾರಕ್ಕೆ, ಯುದ್ಧಕ್ಕೆ ಜನರನ್ನೆಲ್ಲ ಯಂತ್ರದ ಬಿಡಿಭಾಗಗಳಂತೆ ಜೋಡಿಸಿಡುವುದು ಅದು. 1916ರಲ್ಲಿ ಜಪಾನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಅವರು ಇದನ್ನೇ ಹೇಳಿದರು. ಆಗ ಯುರೋಪಿನಲ್ಲಿ ಮಹಾಯುದ್ಧ ನಡೆಯುತ್ತಿತ್ತು. ಮರುವರ್ಷ ಆ ಭಾಷಣಗಳು 'ನ್ಯಾಷನಲಿಸಂ' ಎಂಬ ಪುಸ್ತಕವಾದವು. ಅದರಲ್ಲಿ ಒಂದು ಹೋಲಿಕೆ ಬರುತ್ತದೆ. ಹಿಂದಿನವರ ಆಳ್ವಿಕೆ ಕೈಮಗ್ಗ, ನೇಶನ್‌ನ ಆಳ್ವಿಕೆ ಯಂತ್ರದ ಮಗ್ಗ. ಉಡುಪಿ ಸೀರೆ ನೇಯುವುದನ್ನು ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಆ ಸೀರೆಯಲ್ಲಿ ನೇಯ್ದವರ ಬೆರಳಿನ ಗುರುತು ಇರುತ್ತದೆ. ಯಂತ್ರಕ್ಕೆ ಬೆರಳಿಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ಕಥೆ. ಇದು ನಮ್ಮ ಕರಾವಳಿಯದೇ. 1883ರಲ್ಲಿ ರವೀಂದ್ರರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ಬ್ರಿಟಿಷ್ ಸರ್ಕಾರದ ದೊಡ್ಡ ಅಧಿಕಾರಿಗಳನ್ನು ಆರಿಸುವ ಐಸಿಎಸ್ ಪರೀಕ್ಷೆ ಗೆದ್ದ ಮೊದಲ ಭಾರತೀಯ ಅವರು. ಅವರ ಮನೆಗೆ ತಮ್ಮ ಬಂದಿದ್ದರು. ಇಪ್ಪತ್ತೆರಡರ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ಗಾಳಿಮರಗಳ ಸಾಲು, ಅಗಲವಾದ ಮರಳು, ಕಾಳಿ ನದಿ ಸಮುದ್ರ ಸೇರುವ ಅಳಿವೆ, ಇವನ್ನೆಲ್ಲ ಅವರು ಮುಂದೆ ತಮ್ಮ ನೆನಪುಗಳಲ್ಲಿ ಎಷ್ಟು ಪ್ರೀತಿಯಿಂದ ಬರೆದಿದ್ದಾರೆ ಗೊತ್ತಾ! ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ನದಿಯಲ್ಲಿ ಮೇಲಕ್ಕೆ ಹೋದರು. ಶಿವಾಜಿಯ ಕಾಲದ ಹಳೆಯ ಕೋಟೆಯ ಹತ್ತಿರ ಇಳಿದು, ಗುಡಿಸಿ ಚೊಕ್ಕಟ ಮಾಡಿದ್ದ ಒಬ್ಬ ರೈತನ ಅಂಗಳದಲ್ಲಿ ಕೂತು, ಕಟ್ಟಿಕೊಂಡು ಹೋಗಿದ್ದ ಬುತ್ತಿ ಉಂಡರು. ದೋಣಿ ಅಳಿವೆಗೆ ಮರಳುವಾಗ ತುಂಬಾ ಹೊತ್ತಾಗಿತ್ತು. ಅಲ್ಲಿಂದ ಮನೆಗೆ ಮರಳಿನ ಮೇಲೆ ನಡೆದೇ ಬಂದರು.

ಅದೇ ಕಾರವಾರದಲ್ಲಿ ಅವರು ಒಂದು ನಾಟಕ ಬರೆದರು. ಒಬ್ಬ ಸನ್ಯಾಸಿ. ಎಲ್ಲ ನಂಟು ಕಡಿದುಕೊಂಡೆ, ಇನ್ನು ಕೊನೆಯಿಲ್ಲದ ಆ ದೊಡ್ಡ ಸತ್ಯವೊಂದೇ ಸಾಕು ಎಂದುಕೊಂಡವನು. ಊರವರು ಮುಟ್ಟಲೊಲ್ಲದ ಒಬ್ಬ ಅನಾಥ ಹುಡುಗಿ ಅವನ ಬಳಿ ಬರುತ್ತಾಳೆ. ಅವಳ ಮೇಲೆ ಮಮತೆ ಹುಟ್ಟಿತೆಂದು ಹೆದರಿ ಅವನು ಓಡಿಹೋಗುತ್ತಾನೆ. ತಡೆಯಲಾಗದೆ ಮರಳಿ ಬಂದು ಹುಡುಕುವಾಗ, ಅವಳು ಸತ್ತಳು ಎನ್ನುತ್ತಾರೆ ಊರವರು.

ಕಾರವಾರದ ಆ ಕಡಲತೀರಕ್ಕೆ ಈಗ ರವೀಂದ್ರರದೇ ಹೆಸರು. ನಾನು ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಮರಳಲ್ಲಿ ಕೂರಿಸಿ ಈ ಕಥೆ ಹೇಳಿದ್ದೇನೆ. ನೇಶನ್ ಬಗ್ಗೆ ಅವರು ಮುಂದೆ ಹೇಳಿದ್ದೆಲ್ಲ ನನಗೆ ಇಲ್ಲೇ ಕೇಳಿಸುತ್ತದೆ. ದೊಡ್ಡ ಹೆಸರಿನ ಹಿಂದೆ ಓಡುವವನಿಗೆ ಕಾಲ ಬುಡದಲ್ಲಿ ಕೂತ ಮಗು ಕಾಣುವುದಿಲ್ಲ.

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಹಾಗಾದರೆ ರವೀಂದ್ರರಿಗೆ ದೇಶಪ್ರೇಮ ಇರಲಿಲ್ಲವಾ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ನನಗೆ ನಿಜವಾಗಿ ಬೇಸರವಾಗುತ್ತದೆ. 1905ರಲ್ಲಿ ಬಂಗಾಳವನ್ನು ಒಡೆದಾಗ ಬೀದಿಗಿಳಿದು ಹಿಂದೂ ಮುಸ್ಲಿಮರ ಕೈಗೆ ರಾಖಿ ಕಟ್ಟಿಸಿದವರು ಅವರು. ಜಲಿಯನ್‌ವಾಲಾಬಾಗ್ ಹತ್ಯಾಕಾಂಡ ಆದಾಗ 'ಸರ್' ಪದವಿ ಬೇಡ ಎಂದು ವೈಸರಾಯಿಗೆ ಬರೆದವರು ಅವರು. ನಮ್ಮ ಮಕ್ಕಳು ಶಾಲೆಯಲ್ಲಿ ಹಾಡುವ ಜನಗಣಮನ ಅವರದು. ಅವರೇ 1908ರ ಒಂದು ಪತ್ರದಲ್ಲಿ ಬರೆದರು: ವಜ್ರದ ಬೆಲೆ ಕೊಟ್ಟು ಗಾಜು ಕೊಳ್ಳಲಾರೆ, ನಾನು ಬದುಕಿರುವ ತನಕ ದೇಶಾಭಿಮಾನ ಮನುಷ್ಯತ್ವವನ್ನು ಗೆಲ್ಲಲು ಬಿಡಲಾರೆ ಎಂದು. ದೇಶ ಬೇರೆ, ನೇಶನ್ ಬೇರೆ. ಮತ್ತೆ ಮತ್ತೆ ಹೇಳುತ್ತೇನೆ.

1921ರಲ್ಲಿ ಗಾಂಧೀಜಿಯವರ ಜೊತೆ ನಡೆದ ವಾದದ ಬಗ್ಗೆ ಹೇಳಲು ಈಗ ಸಮಯವಿಲ್ಲ. ಅಷ್ಟು ಭಿನ್ನಾಭಿಪ್ರಾಯ ಇದ್ದರೂ ಗಾಂಧೀಜಿ ರವೀಂದ್ರರನ್ನು ಮಹಾ ಕಾವಲುಗಾರ ಎಂದೇ ಕರೆದರು, ಅಷ್ಟು ಸಾಕು.

ಒಂದು ಕೋರಿಕೆ ಮಾತ್ರ. 1916ರಲ್ಲಿ ಬಂದ ಅವರ ಕಾದಂಬರಿ 'ಘರೇ ಬೈರೆ' ಲೈಬ್ರರಿಯಲ್ಲಿ ಸಿಕ್ಕರೆ ತನ್ನಿ. ಸ್ವದೇಶಿ ಚಳವಳಿಯ ಕಥೆ. ಅದರಲ್ಲಿ ಪಂಚು ಎಂಬ ಬಡವ ಬರುತ್ತಾನೆ. ವಿದೇಶಿ ಬಟ್ಟೆ ಮಾರಿದನೆಂದು ಜಮೀನುದಾರ ಅವನಿಗೆ ದಂಡ ಹಾಕಿ, ಬಟ್ಟೆಯ ಗಂಟನ್ನು ಸುಡಿಸುತ್ತಾನೆ. ದೇಶದ ಹೆಸರಿನಲ್ಲೇ. ಆ ಭಾಗ ಬಂದಾಗ ಸ್ವಲ್ಪ ನಿಧಾನವಾಗಿ ಓದಿ. ಮನೆಯಲ್ಲಿ ಮಕ್ಕಳಿದ್ದರೆ ಗಟ್ಟಿಯಾಗಿ ಓದಿ. ನಮಸ್ಕಾರ.